ಏಳನೆಯ ಪಕ್ಕಾಸು

ಬಂದ್ಯೋಡಿನಲ್ಲಿ ಹೆದ್ದಾರಿ ಬದಿಗೊಂದು ಹಳೆಮರದ ಅಂಗಡಿ.
ರಸ್ತೆ ಅಗಲವಾಗಲೆಂದು ಬಿಚ್ಚಿದ ಮನೆಗಳೆಲ್ಲ ಇಲ್ಲಿ ಮಲಗಿವೆ.
ದಾರಂದಗಳು ಒಂದರ ಮೇಲೊಂದು,
ಒಳಗೂ ಇಲ್ಲ ಅವಕ್ಕೆ, ಹೊರಗೂ ಇಲ್ಲ.
ಬೆಲೆ ಕೇಳಲು ಬಂದವಳಲ್ಲ ನಾನು.
ಅಂದುಂಞಿ ಹಾಜಿಯವರ ಮಾಡು ಇಳಿಸಿದರೆಂದು
ಬಸ್ಸಿನಲ್ಲಿ ಯಾರೋ ಹೇಳಿದರು, ಇಳಿದೆ.

ಪಕ್ಕಾಸುಗಳ ತುದಿ ಹೊರಳಿಸಿ ನೋಡಿದೆ:
೪, ೫, ೬
ಉಳಿಯ ಮೂಗಿನಲ್ಲಿ ಕೊರೆದ ಅಂಕಿಗಳು.
ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪನ ಕೈಬರಹವೆಂದು
ಲೋಕದಲ್ಲಿ ಇರುವುದು ಇಷ್ಟೇ.
ಏಳರ ಬಾಲ ಮಾತ್ರ ಯಾವಾಗಲೂ ಉದ್ದ;
ನಾರು ಹಿಡಿದು ಉಳಿ ಜಾರುತ್ತದೆ, ನಾನೇನು ಮಾಡಲಿ, ಅನ್ನುತ್ತಿದ್ದ.
ಹಂಚಿನಡಿ ಐವತ್ತು ವರ್ಷ ಯಾರೂ ಓದದ ಲೆಕ್ಕ.
ಬಿಚ್ಚಿದ ಬಿಹಾರದ ಹುಡುಗರು ಅದರ ಮೇಲೆಯೇ
ಸೀಮೆಸುಣ್ಣದಲ್ಲಿ ತಮ್ಮ ಅಂಕಿ ಬರೆದಿದ್ದಾರೆ.

ದೂಮಪ್ಪ ಆಚಾರಿ.
ಮರದೊಡನೆ ತುಳು, ಮನೆ ಕಟ್ಟಿಸುವವರೊಡನೆ ಮಲಯಾಳ,
ಲೆಕ್ಕಕ್ಕೆ ಕನ್ನಡ. ಬಯ್ಯಲು ಯಾವುದೂ ಬೇಡ.
ಕೊಡತಿ ಕೆಳಗಿಟ್ಟು ಒಮ್ಮೆ ನೋಡಿದರೆ ಸಾಕು,
ಗಾರೆಯವರು ಗೋಡೆ ಕೆಡವಿ ಮತ್ತೆ ಕಟ್ಟುತ್ತಿದ್ದರು.

ಶಾಲೆಗೆ ರಜೆಯೆಂದರೆ ನನಗೆ ನೂಲಿನ ತುದಿ.
ಇದ್ದಿಲ ನೀರಲ್ಲಿ ಅದ್ದಿದ ನೂಲು, ಹಲಸಿನ ಹಲಗೆ,
ಆ ತುದಿಗೆ ಅಪ್ಪ, ಈ ತುದಿಗೆ ನಾನು.
"ಪತ್ತ್‌ಲ" ಅನ್ನುವನು. ಉಸಿರು ಕಟ್ಟಿ ಹಿಡಿಯುವೆ.
ಎತ್ತಿ ಬಿಟ್ಟರೆ ಟಪ್ಪೆಂದು
ಹಳದಿ ಮೈಮೇಲೆ ಒಂದು ಕರಿ ಗೆರೆ.
ಬೆರಳಿನ ಮಸಿ ಸೋಮವಾರಕ್ಕೂ ಹೋಗದೆ
ಕಮಲಾಕ್ಷಿ ಟೀಚರು ಬಾವಿಕಟ್ಟೆಗೆ ಕಳಿಸಿದ್ದು ಎಷ್ಟು ಸಲವೋ.

ತಪ್ಪಿದ್ದೇ ಇಲ್ಲವೆಂದಲ್ಲ.
ಮೀಂಜದ ಸಿಸಿಲಿಯಾ ಬಾಯಿಯ ಹಿತ್ತಿಲ ಬಾಗಿಲು—
ಹಸಿಮರ. ಗೊತ್ತಿದ್ದೂ, ಮದುವೆಯ ಅವಸರವೆಂದು ನಿಲ್ಲಿಸಿಬಿಟ್ಟ.
ಪ್ರತಿ ಆಟಿಗೂ ಅದು ಉಬ್ಬಿ ಕಚ್ಚಿಕೊಳ್ಳುವುದು,
ಪ್ರತಿ ಆಟಿಗೂ ಅಪ್ಪ ಉಜ್ಜುಗೊರಡು ಚೀಲಕ್ಕೆ ಹಾಕಿ
ಬಸ್ಸು ಹತ್ತುವುದು. ಹತ್ತೊಂಬತ್ತು ವರ್ಷ.
ಕೂಲಿ ಇವನು ಕೇಳಲಿಲ್ಲ, ಅವಳು ಕೊಡಲಿಲ್ಲ;
ಒಂದು ಲೋಟ ಕಾಫಿ, ಬೆಲ್ಲ ಜಾಸ್ತಿ.
"ಹೀಗೆ ಕೆತ್ತಿದರೆ ಬಾಗಿಲೇ ಉಳಿಯುವುದಿಲ್ಲ, ಆಚಾರೀ."
"ನನ್ನ ಕಾಲಕ್ಕೆ ಸಾಕು."

ಪೈವಳಿಕೆಯಲ್ಲಿ ಏಣಿ ಜಾರಿದ ಮೇಲೆ ಕೆಲಸ ನಿಂತಿತು.
ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ.
ಕೈಗಳನ್ನು ಏರಿಸಲು ಅಟ್ಟವಿರಲಿಲ್ಲ.
ಯಾರ ಮನೆಗೆ ಹೋದರೂ ನಮಸ್ಕಾರಕ್ಕೆ ಮೊದಲು
ಅಂಗೈ ದಾರಂದದ ಮೇಲೆ.
ನನ್ನನ್ನು ಕೊಡುವ ಮನೆಗೆ ಹೋದವನು
ಹುಡುಗನನ್ನು ಸರಿಯಾಗಿ ನೋಡಲೇ ಇಲ್ಲ,
ಬಾಗಿಲು ನಾಲ್ಕು ಸಲ ತೆಗೆದು ಹಾಕಿ ಬಂದು
"ಬಿಜಾಗ್ರಿ ಸದ್ದಿಲ್ಲ, ಜನ ಒಳ್ಳೆಯವರು" ಅಂದ.
ಅರ್ಧ ನಿಜವಾಯಿತು.

ಮಾವು ಬಾಗಿಲಿಗಾಗದು, ಗೆದ್ದಲಿಗೆ ಹಬ್ಬ, ಅನ್ನುತ್ತಿದ್ದ.
ಹೋದ ಕುಂಭ ತಿಂಗಳಲ್ಲಿ
ಅವನ ಮೇಲೂ ಕೆಳಗೂ ಮಾವೇ.
ಒಂದು ತುಂಡೂ ಅಳತೆಗೆ ಕೊಯ್ದದ್ದಲ್ಲ.

ಏಳನೆಯದು ಸಿಕ್ಕಿತು, ರಾಶಿಯ ಅಡಿಯಲ್ಲಿ, ಬಾಲ ಸಮೇತ.
"ಒಂದೇ ಪಕ್ಕಾಸು ಕೊಂಡು ಏನು ಮಾಡುತ್ತೀರಿ?"
ಉತ್ತರವಿರಲಿಲ್ಲ, ದುಡ್ಡಿತ್ತು.
ಹನ್ನೊಂದಡಿಯ ಮರ, ಮೂರು ಚಕ್ರದ ರಿಕ್ಷಾ.
ಚಾಲಕ ಹುಡುಗ ಮಾಡಿನ ಮೇಲಿಟ್ಟು ಹಗ್ಗ ಬಿಚ್ಚಿದ,
ತುದಿಯನ್ನು ನನ್ನ ಕಡೆಗೆ ಎಸೆದು
ಗಟ್ಟಿ ಹಿಡಿಯಿರಿ ಚೇಚೀ, ಅಂದ ಮಲಯಾಳದಲ್ಲಿ.
ಹಿಡಿದೆ.
ನೈಲಾನಿನ ನೀಲಿ ಹಗ್ಗ, ಮಸಿಯಿಲ್ಲ.
ಆದರೂ ಬೆರಳು ನೋಡಿಕೊಂಡೆ.